ವಾಟರ್ ಮೆಟ್ರೋ ಮಾಡುವವರು ಮೊದಲು ಕೊಟ್ಟಾಯಂ ಬೋಟಲ್ಲಿ ಒಮ್ಮೆ ಕೂತು ಬರ್ಲಿ

ಸಂಪಾದಕರಿಗೆ ನಮಸ್ಕಾರ,

ಮಂಗಳೂರಿನ ವಾಟರ್ ಮೆಟ್ರೋ ಬಗ್ಗೆ ನಿಮ್ಮ ಪೇಪರಲ್ಲಿ ಆಗಾಗ ಸುದ್ದಿ ಬರ್ತಾ ಉಂಟು. ಬಜಾಲ್‌ನಿಂದ ಮರವೂರಿನವರೆಗೆ ನೇತ್ರಾವತಿ, ಗುರುಪುರ ಹೊಳೆ ಹಿಡ್ಕೊಂಡು ಬೋಟ್ ಓಡಿಸ್ತಾರಂತೆ, ಕರ್ನಾಟಕ ಜಲಸಾರಿಗೆ ಮಂಡಳಿಯವರು ರಿಪೋರ್ಟ್ ಮಾಡಿಸ್ತಾ ಇದ್ದಾರಂತೆ, ಎಲ್ಲ ಕೊಚ್ಚಿ ಮಾದರಿಯಂತೆ. ಓದಿ ಖುಷಿ ಆಗ್ತದೆ, ಸುಳ್ಳು ಹೇಳುವುದಿಲ್ಲ. ಆದ್ರೆ ಯಾವ ಸುದ್ದಿ ನೋಡಿದ್ರೂ ಕೊಚ್ಚಿ ಕೊಚ್ಚಿ ಅಂತಲೇ ಇರ್ತದೆ, ಬಿಳಿ ಬೋಟು, ಏಸಿ, ಗ್ಲಾಸಿನ ಕಿಟಕಿಯ ಫೋಟೋ ಹಾಕಿ ಕೆಳಗೆ ಪ್ರವಾಸೋದ್ಯಮಕ್ಕೆ ಉತ್ತೇಜನ ಅಂತ ಒಂದು ಸಾಲು. ನಾನು ಕಾಸರಗೋಡಿನವ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ರೇಷನ್ ಕಾರ್ಡು ಕೇರಳದ್ದು. ಹಾಗಾಗಿ ಕೇರಳದ ಬೋಟಿನ ವಿಷಯ ಸ್ವಲ್ಪ ನನ್ನ ಕಣ್ಣಿಂದಲೂ ಹೇಳುವ ಅಂತ ಈ ಪತ್ರ. ಉದ್ದ ಆದ್ರೆ ಕತ್ತರಿಸಿ ಹಾಕಿ, ಬೇಜಾರಿಲ್ಲ.

ಮಗಳು ಕೊಟ್ಟಾಯಂನಲ್ಲಿ ನರ್ಸಿಂಗ್ ಓದ್ತಾ ಇದ್ದಾಳೆ. ಅವಳನ್ನು ನೋಡ್ಲಿಕ್ಕೆ ಹೋಗುವಾಗ ನಾನು ಮಲಬಾರ್ ಅಥವಾ ಪರಶುರಾಮ್ ರೈಲು ಹಿಡಿದು ಸೀದಾ ಕೊಟ್ಟಾಯಂನಲ್ಲಿ ಇಳೀಬಹುದು, ಎಲ್ಲರೂ ಹಾಗೇ ಮಾಡುವುದು. ಆದ್ರೆ ಪುರುಸೊತ್ತು ಇದ್ರೆ ನಾನು ಮಾವೇಲಿಯಲ್ಲಿ ಆಲಪ್ಪುಳಕ್ಕೆ ಟಿಕೆಟ್ ಮಾಡಿಸ್ತೇನೆ. ಬೆಳಕು ಹರಿಯುವ ಮೊದಲೇ ಇಳಿಸ್ತದೆ ಅದೊಂದೇ ಕಷ್ಟ, ಸ್ಟೇಷನಲ್ಲಿ ಚಾ ಕುಡಿದು ಸೊಳ್ಳೆ ಕಚ್ಚಿಸಿಕೊಂಡು ಕೂತು ಆಮೇಲೆ ಬೋಟ್ ಜೆಟ್ಟಿಗೆ ಹೋಗಿ ಅಲ್ಲಿಂದ ಕೊಟ್ಟಾಯಂಗೆ ಸರಕಾರಿ ಬೋಟು. ನಮ್ಮ ಮನೆಯವಳು ಮೊದಮೊದಲು "ನಿಮಗೆ ಎಂತ ಮರ್ಲು" ಅಂತ ಬೈದಿದ್ದಳು, ಈಗ ಅವಳೇ "ಈ ಸಲ ಬೋಟಲ್ಲಿ ಹೋಗುವ ಆಯ್ತಾ" ಅಂತ ಹೇಳ್ತಾಳೆ.

ಆಲಪ್ಪುಳದಿಂದ ಕೊಟ್ಟಾಯಂಗೆ ರೈಲಿಲ್ವಾ ಅಂತ ನೀವು ಕೇಳಬಹುದು. ಎರಡೂ ದೊಡ್ಡ ಪೇಟೆ, ಎರಡೂ ಕಡೆ ರೈಲ್ವೇ ಸ್ಟೇಷನ್ ಉಂಟು, ಆದ್ರೆ ಒಂದರಿಂದ ಇನ್ನೊಂದಕ್ಕೆ ಸೀದಾ ಗಾಡಿ ಇಲ್ಲ. ಮ್ಯಾಪ್ ತೆಗೆದು ನೋಡಿದ್ರೆ ಗೊತ್ತಾಗ್ತದೆ, ಎರ್ನಾಕುಳಂನಲ್ಲಿ ಲೈನು ಎರಡಾಗಿ ಕವಲೊಡೆದು ಒಂದು ಸಮುದ್ರದ ಬದಿಯಲ್ಲಿ ಆಲಪ್ಪುಳದ ಮೇಲೆ, ಇನ್ನೊಂದು ಒಳಗಿಂದ ಕೊಟ್ಟಾಯಂ ಮೇಲೆ ಹೋಗಿ ಪುನಃ ಕಾಯಂಕುಳಂನಲ್ಲಿ ಸೇರ್ತದೆ, ನಡುವೆ ಇರುವುದು ಪೂರ್ತಿ ವೇಂಬನಾಡು ಕಾಯಲು (ಕಾಯಲು ಅಂದ್ರೆ ಸಮುದ್ರದ ಬದಿಯ ಹಿನ್ನೀರು), ಕುಟ್ಟನಾಡಿನ ಗದ್ದೆ, ಹೊಳೆ, ತೋಡು. ಕೊಟ್ಟಾಯಂಗೆ ರೈಲು ಬಂದದ್ದು 1956ರಲ್ಲಿ, ಆಲಪ್ಪುಳಕ್ಕಂತೂ 1989ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಮೊದಲೆಲ್ಲ ಅಲ್ಲಿಯವರಿಗೆ ಹೆಚ್ಚಾಗಿ ನೀರಿನ ದಾರಿಯೇ. ಈಗ್ಲೂ ರೈಲಲ್ಲೇ ಹೋಗ್ತೇನೆ ಅಂತ ಹಠ ಹಿಡಿದ್ರೆ ಉತ್ತರಕ್ಕೆ ಎರ್ನಾಕುಳಂಗೋ ದಕ್ಷಿಣಕ್ಕೆ ಕಾಯಂಕುಳಂಗೋ ಹೋಗಿ ಗಾಡಿ ಬದಲಿಸಿ ಬರಬೇಕು, ಕಾದು ಕೂರುವ ಹೊತ್ತು ಸೇರಿದ್ರೆ ಬೋಟಿನ ಎರಡೂವರೆ ಗಂಟೆಗಿಂತ ಬೇಗ ಮುಟ್ತೀರಿ ಅಂತ ಗ್ಯಾರಂಟಿ ಇಲ್ಲ. ಬಸ್ಸು ಉಂಟು, ಚಂಗನಾಶ್ಶೇರಿ ಮೇಲೆ ಹೋಗ್ತದೆ, ಬೇಗ ಮುಟ್ಟಿಸ್ತದೆ, ಅದನ್ನು ಒಪ್ತೇನೆ.

ಬೋಟಿನ ಟಿಕೆಟು ಮೂವತ್ತು ರೂಪಾಯಿ ಆಸುಪಾಸು. ಹೌಸ್‌ಬೋಟಿನವ ಅದೇ ನೀರಲ್ಲಿ ಒಂದು ರಾತ್ರಿಗೆ ಎಷ್ಟು ತೆಗೀತಾನೆ ಅಂತ ಹೋದವರಿಗೆ ಗೊತ್ತುಂಟು.

ಈ ಬೋಟನ್ನು ಓಡಿಸುವುದು ಕೇರಳದ ರಾಜ್ಯ ಜಲಸಾರಿಗೆ ಇಲಾಖೆ, 1968ರಲ್ಲಿ ಶುರುವಾದದ್ದು, ಹೆಡ್ಡಾಫೀಸು ಆಲಪ್ಪುಳದಲ್ಲೇ. ನೋಡ್ಲಿಕ್ಕೆ ಏನೂ ಚಂದ ಇಲ್ಲ, ಸಾಲಾಗಿ ಬೆಂಚಿನ ಹಾಗಿನ ಸೀಟು, ಬದಿಗೆ ಗ್ಲಾಸಿಲ್ಲ, ಮಳೆ ಬಂದ್ರೆ ಟಾರ್ಪಾಲು ಇಳಿಸುವುದು, ನಡುವೆ ಇಂಜಿನಿನ ಸದ್ದು ಎಷ್ಟುಂಟು ಅಂದ್ರೆ ಹತ್ತಿರ ಕೂತವನ ಹತ್ರ ಮಾತಾಡ್ಲಿಕ್ಕೂ ಗಂಟಲು ಏರಿಸಬೇಕು. ಎದುರಿಗೆ ಚಕ್ರ ಹಿಡಿದು ನಿಲ್ಲುವವ ಸ್ರಾಂಕು, ಇಂಜಿನ್ ನೋಡುವವ ಡ್ರೈವರು, ಟಿಕೆಟ್ ಕೊಡುವವ ಬೋಟ್ ಮಾಸ್ಟರು, ಹಗ್ಗ ಹಿಡಿಯುವವರು ಲಸ್ಕರು. ಸ್ರಾಂಕಿಗೆ ಇಂಜಿನ್ ಕೈಗೆ ಸಿಗುವುದಿಲ್ಲ, ಡ್ರೈವರಿಗೆ ಎದುರಿನ ದಾರಿ ಕಾಣುವುದಿಲ್ಲ, ಇಬ್ಬರ ನಡುವೆ ಒಂದು ಹಗ್ಗ ಮತ್ತೆ ಗಂಟೆ. ಮುಂದಿನಿಂದ ಹಗ್ಗ ಎಳೆದ್ರೆ ಇಂಜಿನ್ ಹತ್ರ ಟಿಣ್ ಅಂತದೆ, ಅದರ ಲೆಕ್ಕದಲ್ಲಿ ಡ್ರೈವರು ಸ್ಪೀಡ್ ಕಮ್ಮಿ ಮಾಡುವುದು, ನಿಲ್ಲಿಸುವುದು, ರಿವರ್ಸ್ ಹಾಕುವುದು. ಜೆಟ್ಟಿ ಹತ್ರ ಬರುವಾಗ ಇಂಜಿನ್ ಮೆಲ್ಲ ಆಗಿ, ಪುನಃ ಟಿಣ್ ಟಿಣ್, ಬೋಟಿನ ಬದಿ ಕಲ್ಲಿಗೆ ತಾಗಿತು ಅನ್ನುವಷ್ಟರಲ್ಲಿ ಲಸ್ಕರು ಹಾರಿ ಕಂಬಕ್ಕೆ ಹಗ್ಗ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದು ನಿಂತಿರ್ತಾನೆ, ಗಂಟು ಹಾಕುವುದಿಲ್ಲ, ಹಾಕ್ಲಿಕ್ಕೆ ಹೊತ್ತೂ ಇಲ್ಲ. ಇಳಿಯುವವರು ಇಳಿದು ಹತ್ತುವವರು ಹತ್ತಿ ಆಯ್ತು, ಬೋಟು ಹೊರಟಾಯ್ತು. ನಮ್ಮ ಲೈನ್ ಬಸ್ಸಿನ ಕಂಡಕ್ಟರಿಗೂ ಇಷ್ಟು ಚುರುಕಿಲ್ಲ.

ಒಮ್ಮೆ ಚಿತ್ತಿರ ಜೆಟ್ಟಿಯಲ್ಲಿ ಒಬ್ಬರು ಪ್ರಾಯದ ಹೆಂಗಸು ಇಳಿದ್ರು, ಅವರ ಹತ್ರ ಕೋಳಿಯ ತಿಂಡಿಯ ದೊಡ್ಡ ಗೋಣಿ, ಒಂದು ಕೊಡೆ, ಮೆಡಿಕಲ್ ಶಾಪಿನ ತೊಟ್ಟೆ. ಲಸ್ಕರು ಅವರನ್ನು ಕೇಳ್ಲೂ ಇಲ್ಲ, ಗೋಣಿಯನ್ನು ಎತ್ತಿ ದಂಡೆಯಲ್ಲಿಟ್ಟು ಆಮೇಲೆ ಕೈ ಕೊಟ್ಟು ಅವರನ್ನು ಇಳಿಸಿ "ಚೇಚೀ, ನಾಳೆ ಡಾಕ್ಟರಲ್ಲಿಗೆ ಹೋಗ್ಲಿಕ್ಕುಂಟಾ" ಅಂತ ಕೇಳಿದ, ಅವರು ಹೌದು ಏಳೂವರೆಯದ್ದಕ್ಕೆ ಅಂದ್ರು. ಅಷ್ಟೇ. ಇವ ನಾಳೆ ಏಳೂವರೆಗೆ ಆ ಜೆಟ್ಟಿಯಲ್ಲಿ ಅವರಿಗೋಸ್ಕರ ಒಂದು ನಿಮಿಷ ಜಾಸ್ತಿ ನಿಲ್ಲಿಸ್ತಾನೆ ಅಂತ ಬೋಟಲ್ಲಿದ್ದ ಎಲ್ಲರಿಗೂ ಗೊತ್ತು.

ನಾನು ಹೇಳ್ಲಿಕ್ಕೆ ಹೊರಟದ್ದು ಇದನ್ನೇ. ಈ ಬೋಟು ಇಷ್ಟು ವರ್ಷ ಉಳಿದದ್ದು ಆ ಹೆಂಗಸಿನಂಥವರು ದಿನಾ ಹತ್ತುವುದರಿಂದ. ಶಾಲೆ ಮಕ್ಕಳು, ಗದ್ದೆ ಕೆಲಸದವರು, ಗ್ಯಾಸ್ ಸಿಲಿಂಡರ್ ತರುವವರು, ಆಸ್ಪತ್ರೆಗೆ ಹೋಗುವವರು. ನನ್ನ ಹಾಗೆ ಕ್ಯಾಮೆರಾ ಹಿಡ್ಕೊಂಡು ತುದಿಯಿಂದ ತುದಿಗೆ ಹೋಗುವವರು ಬೋಟಲ್ಲಿ ನಾಲ್ಕೋ ಐದೋ ಜನ, ನಾವು ಬಂದ್ರೂ ಅಡ್ಡಿಲ್ಲ ಬರದಿದ್ರೂ ಅಡ್ಡಿಲ್ಲ. ಮಂಗಳೂರಿನವರು ಲೆಕ್ಕ ಹಾಕುವಾಗ ಮೊದಲು ಈ ಜನ ಎಲ್ಲಿದ್ದಾರೆ ಅಂತ ಹುಡುಕಬೇಕು, ರೂಟು ಆಮೇಲೆ.

ದಾರಿಯ ಬಗ್ಗೆ ಸ್ವಲ್ಪ ಹೇಳ್ತೇನೆ, ಹೇಳದಿದ್ರೆ ಪತ್ರ ಬರೆದೂ ಪ್ರಯೋಜನ ಇಲ್ಲ. ಆಲಪ್ಪುಳದ ತೋಡಿನಿಂದ ಹೊರಗೆ ಬಂದು ಪುನ್ನಮಡ ದಾಟುವಾಗ ನೆಹರು ಟ್ರೋಫಿ ವಳ್ಳಂಕಳಿಯ, ಅಂದ್ರೆ ದೋಣಿ ಪಂದ್ಯದ ಗ್ಯಾಲರಿ ಸಿಗ್ತದೆ. 1952ರಲ್ಲಿ ನೆಹರು ಕೊಟ್ಟಾಯಂನಿಂದ ಆಲಪ್ಪುಳಕ್ಕೆ ಬಂದದ್ದು ಇದೇ ನೀರಲ್ಲಿ, ಚುಂಡನ್ ವಳ್ಳ ಅನ್ನುವ ಉದ್ದ ದೋಣಿಗಳ ಪಂದ್ಯ ನೋಡಿ ಪ್ರಧಾನಿ ಅನ್ನುವುದನ್ನೂ ಮರೆತು ಗೆದ್ದ ದೋಣಿಗೇ ಹಾರಿದ್ರಂತೆ, ಆಮೇಲೆ ಬೆಳ್ಳಿಯ ಟ್ರೋಫಿ ಕಳಿಸಿದ್ರು, ಅದೇ ಈಗ ಪ್ರತಿ ವರ್ಷ ನಡೆಯುವ ನೆಹರು ಟ್ರೋಫಿ. ಪ್ರಧಾನಿ ಬಂದ ದಾರಿಯಲ್ಲಿ ಮೂವತ್ತು ರೂಪಾಯಿಗೆ ಹೋಗ್ತೇನೆ ಅಂತ ನಾನು ಮಗಳ ಹತ್ರ ಕೊಚ್ಚಿಕೊಂಡದ್ದುಂಟು, ಅವಳಿಗೆ ಅದರಲ್ಲಿ ಆಸಕ್ತಿ ಕಂಡಿಲ್ಲ.

ಅಲ್ಲಿಂದ ಮುಂದೆ ಕಾಯಲು ತೆರ್ಕೊಳ್ತದೆ, ಆಮೇಲೆ ಬದಿಯಲ್ಲಿ ಮಾರ್ತಾಂಡಂ, ಚಿತ್ತಿರ ಅಂತ ಕಾಯಲಿನಿಂದ ಎತ್ತಿ ತೆಗೆದ ನೆಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಬರ್ಮಾದಿಂದ ಅಕ್ಕಿ ಬರುವುದು ನಿಂತು ತಿರುವಾಂಕೂರಲ್ಲಿ ಊಟಕ್ಕೆ ತತ್ವಾರ ಆದಾಗ ಜೋಸೆಫ್ ಮುರಿಕ್ಕನ್ ಅನ್ನುವ ಕೃಷಿಕರು ಸಾವಿರಾರು ಕೆಲಸದವರನ್ನು ಹಾಕಿ ತೆಂಗಿನ ಮರದ ಕುತ್ತಿ ಹೊಡೆದು, ಕೆಸರು ಮಣ್ಣು ತುಂಬಿ, ಕಟ್ಟ ಕಟ್ಟಿ, ಒಳಗಿನ ನೀರು ಪಂಪಲ್ಲಿ ಹೊರಗೆ ಹಾಕಿ ಗದ್ದೆ ಮಾಡಿದ್ದು. ಮಹಾರಾಜ ಚಿತ್ತಿರ ತಿರುನಾಳರ ಹೆಸರೇ ಒಂದು ಗದ್ದೆಗೆ. ಬೋಟಲ್ಲಿ ಕೂತು ನೋಡುವಾಗ ನೀರು ಮೇಲೆ, ಗದ್ದೆ ಕೆಳಗೆ! ಕಟ್ಟದ ಆಚೆ ನೇಜಿ ನೆಟ್ಟವರ ಬೆನ್ನು ನಮ್ಮ ಬೋಟಿನ ನೀರಿನ ಮಟ್ಟಕ್ಕಿಂತ ಕೆಳಗೆ ಕಾಣ್ತದೆ, ನಮ್ಮ ಕಡೆ ಗುಡ್ಡದ ಬುಡದಲ್ಲಿ ಬೈಲು ನೋಡಿದವರಿಗೆ ಇದು ತಲೆಗೆ ಹೋಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು. ಸಮುದ್ರ ಮಟ್ಟಕ್ಕಿಂತ ಕೆಳಗಿನ ಈ ಬೇಸಾಯಕ್ಕೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಜಾಗತಿಕ ಕೃಷಿ ಪರಂಪರೆ ಅಂತ ಮಾನ್ಯತೆ ಕೊಟ್ಟಿದ್ದಾರೆ.

ಬೋಟು ಯಾಕೆ ಇಷ್ಟು ನಿಧಾನ ಅಂತ ಕೇಳುವವರಿಗೆ ಉತ್ತರವೂ ಇಲ್ಲೇ ಉಂಟು. ಸ್ಪೀಡು ಜಾಸ್ತಿ ಮಾಡಿದ್ರೆ ಹಿಂದಿನಿಂದ ಏಳುವ ಅಲೆ ಹೋಗಿ ಈ ಮಣ್ಣಿನ ಕಟ್ಟಕ್ಕೆ ಬಡೀತದೆ, ದಿನಾ ಬಡಿದ್ರೆ ಕಟ್ಟ ಕೊರೆದು ಒಂದು ದಿನ ಒಡೆದು ಇಡೀ ಗದ್ದೆ ಕಾಯಲಾಗಿ ಬಿಡ್ತದೆ, ಮಳೆಗಾಲದಲ್ಲಿ ಹಾಗೆ ಆಗುವುದನ್ನು ಪೇಪರಲ್ಲಿ ಓದ್ತೇವಲ್ಲ. ಮಂಗಳೂರಿನ ಹೊಳೆ ಬದಿಯಲ್ಲೂ ಮನೆ, ತೋಟ, ಸಣ್ಣ ದೋಣಿಯಲ್ಲಿ ಮೀನು ಹಿಡಿಯುವವರು, ಮರುವಾಯಿ ತೆಗೆಯುವವರು ಇದ್ದಾರೆ. ಇಷ್ಟು ನಿಮಿಷದಲ್ಲಿ ಮುಟ್ಟಿಸ್ತೇವೆ ಅಂತ ಪ್ರೆಸ್‌ಮೀಟಲ್ಲಿ ಹೇಳುವ ಮೊದಲು ಅವರ ದಂಡೆಗೆ ಎಂತ ಆಗ್ತದೆ ಅಂತ ನೋಡಿದ್ರೆ ಒಳ್ಳೇದು.

ಕೊಟ್ಟಾಯಂ ಹತ್ರ ಆಗುವಾಗ ಕಾಯಲು ಮುಗಿದು ಪುನಃ ಸಪೂರ ತೋಡು. ಇದೇ ನನಗೆ ಅತಿ ಇಷ್ಟದ ಭಾಗ. ಎರಡೂ ಬದಿ ಮನೆ, ಮನೆಗೆ ಇಳಿಯುವ ಮೆಟ್ಟಿಲು ನೀರಿಗೆ, ಒಬ್ಬರು ಪಾತ್ರೆ ತೊಳೀತಾ ಇರ್ತಾರೆ, ಇನ್ನೊಬ್ಬರು ಬಟ್ಟೆ ಒಗೀತಾ ಇರ್ತಾರೆ, ಬೋಟು ಬಂದ್ರೆ ತಲೆ ಎತ್ತುವುದೂ ಇಲ್ಲ. ಬಾತುಕೋಳಿಯ ದೊಡ್ಡ ಹಿಂಡನ್ನು ಒಬ್ಬ ಸಣ್ಣ ದೋಣಿಯಲ್ಲಿ ಕೋಲು ಹಿಡಿದು ಅಟ್ಟಿಕೊಂಡು ಬರ್ತಾನೆ, ಅವ ಬದಿಗೆ ಹೋಗುವವರೆಗೆ ಸರಕಾರಿ ಬೋಟು ಕಾಯ್ಬೇಕು. ಮತ್ತೆ ಎತ್ತುವ ಸೇತುವೆಗಳು. ತೋಡಿಗೆ ಅಡ್ಡ ಜನ ನಡೆದು ಹೋಗುವ ಸೇತುವೆ, ಬೋಟು ಬರುವಾಗ ಅದನ್ನು ಮೇಲೆ ಎತ್ತಬೇಕು, ಬೋಟು ದಾಟಿದ ಮೇಲೆ ಇಳಿಸಬೇಕು. ನಮಗೆ ರೈಲ್ವೇ ಗೇಟಲ್ಲಿ ಕಾದು ಗೊತ್ತು, ಇಲ್ಲಿ ಸೈಕಲ್ ಹಿಡಿದವರು, ಮಗುವನ್ನು ಎತ್ತಿಕೊಂಡವರು ಬೋಟು ಹೋಗ್ಲಿ ಅಂತ ಕಾಯ್ತಾರೆ.

ಆದ್ರೆ ಈ ಸೇತುವೆಯದ್ದೇ ದೊಡ್ಡ ರಗಳೆ. ಇದು ಕೆಟ್ಟು ಮೇಲೆ ಏಳದೆ ಬೋಟು ಕೊಟ್ಟಾಯಂ ಪೇಟೆಯ ಕೋಡಿಮತ ಜೆಟ್ಟಿಗೆ ಬರ್ಲಿಕ್ಕೇ ಆಗದೆ ಕಾಂಞಿರಂನಲ್ಲಿ ನಿಂತು ಅಲ್ಲಿಂದಲೇ ವಾಪಸ್ ಹೋಗ್ತಿದ್ದ ಕಾಲ ಇತ್ತು, ಅದೂ ಒಂದೆರಡು ದಿನ ಅಲ್ಲ. ಸೇತುವೆ ಒಬ್ಬರದ್ದು, ಬೋಟು ಇನ್ನೊಬ್ಬರದ್ದು, ತೋಡು ಮತ್ತೊಬ್ಬರದ್ದು. ಎರಡು ಪೇಟೆಯ ನಡುವಿನ ದಾರಿ ಕೊನೆಯ ನಾಲ್ಕು ಕಿಲೋಮೀಟರಲ್ಲಿ ತುಂಡಾದ್ರೆ ಆಮೇಲೆ ಅದರಲ್ಲಿ ಯಾರು ಹೋಗ್ತಾರೆ, ಆಟೋ ಹಿಡಿದು ಪೇಟೆಗೆ ಬರುವ ದುಡ್ಡಲ್ಲಿ ಬೋಟಿನ ಟಿಕೆಟ್ ಎರಡು ಮೂರು ಸಲ ಆಗ್ತದೆ. ಜನ ಒಮ್ಮೆ ಬಸ್ಸಿಗೆ ಹೋದವರು ವಾಪಸ್ ಬರುವುದು ಕಷ್ಟ ಮಾರಾಯ್ರೆ.

ಇನ್ನೊಂದು ಅಂತರಗಂಗೆ ಕಳೆ. ಅಲ್ಲಿಯವರು ಪೋಳ ಅಂತಾರೆ. ಸಮುದ್ರದ ಉಪ್ಪು ನೀರು ಗದ್ದೆಗೆ ಬರಬಾರದು ಅಂತ ತಣ್ಣೀರ್‌ಮುಕ್ಕಂನಲ್ಲಿ ಕಾಯಲಿಗೆ ಅಡ್ಡ ದೊಡ್ಡ ಕಟ್ಟ ಕಟ್ಟಿದ್ದಾರೆ, ಬೇಸಗೆಯಲ್ಲಿ ಅದರ ಶಟರ್ ಹಾಕ್ತಾರೆ. ಭತ್ತಕ್ಕೆ ಒಳ್ಳೇದೇ, ಆದ್ರೆ ಮೊದಲು ಉಪ್ಪು ನೀರು ಬಂದಾಗ ತನ್ನಿಂತಾನೇ ಸಾಯ್ತಿದ್ದ ಕಳೆ ಈಗ ಸಾಯುವುದಿಲ್ಲ, ತೋಡು ಪೂರ್ತಿ ಹಸಿರು ಚಾಪೆ. ಬೋಟಿನ ಪ್ರೊಪೆಲ್ಲರಿಗೆ ಅದು ಸುತ್ತಿಕೊಂಡ್ರೆ ಇಂಜಿನ್ ನಿಲ್ಲಿಸಿ ನೀರಿಗೆ ಇಳಿದು ಕೈಯಲ್ಲೇ ಬಿಡಿಸಬೇಕು. ಮೀನುಗಾರರು ಶಟರ್ ತೆಗೀರಿ ಅಂತಾರೆ, ಕೃಷಿಕರು ಕೊಯ್ಲು ಆಗುವವರೆಗೆ ಬೇಡ ಅಂತಾರೆ, ಬೋಟಿನವರು ನಡುವೆ. ಗುರುಪುರ ಹೊಳೆಯಲ್ಲೂ ಕಿಂಡಿ ಅಣೆಕಟ್ಟು, ಹೂಳು, ಪೇಟೆಯ ಕೊಳಚೆ ಎಲ್ಲ ಉಂಟಲ್ಲ. ಬೋಟು ತರುವುದು ಸುಲಭ, ಹನ್ನೆರಡು ತಿಂಗಳೂ ಹೊಳೆಯನ್ನು ಬೋಟು ಹೋಗುವ ಹಾಗೆ ಇಟ್ಟುಕೊಳ್ಳುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಬೇಕು.

ನೀರು ಅಂದ್ರೆ ಭಯ ಅಂತ ಹೇಳುವವರು ಇದ್ದಾರೆ, ನಮ್ಮ ಅತ್ತೆ ಈಗ್ಲೂ ಹತ್ತುವುದಿಲ್ಲ. ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ 1924ರ ಜನವರಿಯಲ್ಲಿ ಕೊಲ್ಲಂ ಕಡೆಯಿಂದ ಆಲಪ್ಪುಳದ ಕಡೆ ಬರುವಾಗ ಪಲ್ಲನದಲ್ಲಿ ಬೋಟು ಮಗುಚಿ ತೀರಿಹೋದ್ರು, ಆ ಬೋಟಿನ ಹೆಸರು ರಿಡೀಮರ್. 2002ರ ಜುಲೈಯಲ್ಲಿ ಮುಹಮ್ಮ ಅನ್ನುವ ಊರಿನಿಂದ ಕುಮರಕಂಗೆ ಬರ್ತಿದ್ದ ಬೋಟು ಮುಳುಗಿ 29 ಜನ ಹೋದ್ರು, ಅದರಲ್ಲಿ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ ಬರೀಲಿಕ್ಕೆ ಹೊರಟವರು ಎಷ್ಟೋ ಜನ. 2023ರ ಮೇಯಲ್ಲಿ ತಾನೂರಲ್ಲಿ ಟೂರಿಸ್ಟ್ ಬೋಟು ಮಗುಚಿ 22 ಜನ, ಅದು ಮೀನಿನ ಬೋಟನ್ನು ಟೂರಿಸ್ಟಿಗೆ ಬದಲಿಸಿದ್ದಂತೆ, ತುಂಬಿಸಬಾರದಷ್ಟು ಜನ ತುಂಬಿಸಿದ್ದು. ಹಾಗಂತ ರೈಲು ಹತ್ತಿದವರಿಗೆ ನೀರಿನ ಭಯ ಇಲ್ಲ ಅಂತ ಅಲ್ಲ, 1988ರಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕಾಯಲಿಗೆ ಬಿದ್ದು 105 ಜನ ಸತ್ತದ್ದು ನಮ್ಮ ಪ್ರಾಯದವರಿಗೆ ಮರೀಲಿಲ್ಲ. ಜೀವ ಉಳಿಯುವುದು ತಲೆ ಲೆಕ್ಕ ಸರಿಯಾಗಿ ಹಿಡಿದು, ತುಂಬಿದ ಮೇಲೆ ಒಬ್ಬನನ್ನೂ ಹತ್ತಿಸದೆ, ಲೈಫ್ ಜಾಕೆಟ್ ಕೈಗೆ ಸಿಗುವಲ್ಲಿ ಇಟ್ಟಾಗ. ಹಬ್ಬದ ದಿನ, ರಶ್ ಇರುವ ದಿನ "ಇನ್ನು ಜಾಗ ಇಲ್ಲ" ಅಂತ ಹೇಳುವ ಧೈರ್ಯ ಇರುವ ಬೋಟ್ ಮಾಸ್ಟರು ಬೇಕು, ಅವನ ಹಿಂದೆ ನಿಲ್ಲುವ ಆಫೀಸರು ಬೇಕು. ಅದೇ ಇಲಾಖೆಯ ಬೋಟುಗಳು 2018ರ ನೆರೆಯಲ್ಲಿ ಕುಟ್ಟನಾಡಿನ ಜನರನ್ನು ಆಲಪ್ಪುಳಕ್ಕೆ ಹೊತ್ತು ತಂದದ್ದನ್ನೂ ಹೇಳಬೇಕಲ್ಲ, ಆಗ ರಸ್ತೆಯೂ ಇರ್ಲಿಲ್ಲ ಬಸ್ಸೂ ಇರ್ಲಿಲ್ಲ.

ಕೊಚ್ಚಿಯ ವಾಟರ್ ಮೆಟ್ರೋ ಕೆಟ್ಟದ್ದು ಅಂತ ನಾನು ಹೇಳಿದ್ದಲ್ಲ, ನಾನೂ ಹೋಗಿದ್ದೇನೆ, ಬ್ಯಾಟರಿಯಲ್ಲಿ ಓಡುವ ಬೋಟು, ಸದ್ದೇ ಇಲ್ಲ. ಅದರಲ್ಲಿ ನನಗೆ ಮೆಚ್ಚಿಗೆ ಆದದ್ದು ಏಸಿ ಅಲ್ಲ, ಜೆಟ್ಟಿ. ಭರತ ಬಂದ್ರೆ ಏರ್ತದೆ, ಇಳಿತ ಬಂದ್ರೆ ಇಳೀತದೆ, ತೇಲುವ ಜೆಟ್ಟಿ, ಹಾಗಾಗಿ ಬೋಟಿನ ನೆಲ ಮತ್ತೆ ಜೆಟ್ಟಿಯ ನೆಲ ಯಾವಾಗ್ಲೂ ಸಮ, ವೀಲ್‌ಚೇರು ಸೀದಾ ಹೋಗ್ತದೆ. ಕೊಟ್ಟಾಯಂ ಬೋಟಿನಲ್ಲಿ ಅದಿಲ್ಲ, ಗಂಟುನೋವು ಇದ್ದವರು ಲಸ್ಕರಿನ ಕೈ ನಂಬಬೇಕು. ವೈಟ್ಟಿಲದಲ್ಲಿ ಬೋಟಿನಿಂದ ಇಳಿದ್ರೆ ಅಲ್ಲೇ ಬಸ್‌ಸ್ಟ್ಯಾಂಡು, ಅಲ್ಲೇ ಮೆಟ್ರೋ ರೈಲು, ಅದೂ ಒಳ್ಳೆ ಲೆಕ್ಕಾಚಾರ. ವೈಕಂನಿಂದ ತವಣಕ್ಕಡವಿಗೆ 2017ರಿಂದ ಆದಿತ್ಯ ಅಂತ ಸೋಲಾರ್ ಬೋಟು ಓಡ್ತಾ ಉಂಟು, 75 ಸೀಟು, ದೇಶದಲ್ಲೇ ಮೊದಲನೇದು, ಅದನ್ನೂ ಓಡಿಸುವುದು ಇದೇ ಹಳೇ ಇಲಾಖೆ. ಮಂಗಳೂರಿನವರು ಈ ಮೂರನ್ನೂ ನೋಡಿ ಯಾವುದರಿಂದ ಎಂತ ತೆಗೀಬೇಕೋ ತೆಗೀಲಿ, ಬರೀ ಕೊಚ್ಚಿಯ ಫೋಟೋ ತಂದು ಅಂಟಿಸುವುದು ಬೇಡ.

ನಮ್ಮ ಕಾಸರಗೋಡಿನ ಕಥೆಯೂ ಉಂಟು. ಕೋವಳಂನಿಂದ ಬೇಕಲದವರೆಗೆ 616 ಕಿಲೋಮೀಟರ್ ಜಲಮಾರ್ಗ ಮಾಡ್ತೇವೆ ಅಂತ ಕೇರಳ ಸರಕಾರ ಎಷ್ಟೋ ಸಮಯದಿಂದ ಹೇಳ್ತಾ ಉಂಟು. ದಕ್ಷಿಣದಲ್ಲಿ ಕಾಯಲುಗಳು ಸಮುದ್ರಕ್ಕೆ ಸಮಾನಾಂತರ ಒಂದರ ಹಿಂದೆ ಒಂದು ಇರುವುದರಿಂದ ಅಲ್ಲಲ್ಲಿ ತೋಡು ತೆಗೆದು ಜೋಡಿಸಿದ್ರೆ ಆಯ್ತು, ರಾಜರ ಕಾಲದಲ್ಲೇ ಅದಾಗಿತ್ತು, ವರ್ಕಲದಲ್ಲಿ ಗುಡ್ಡ ಕೊರೆದು ಬೋಟು ಹೋಗುವ ಸುರಂಗವನ್ನೇ ಮಾಡಿದ್ದಾರೆ. ನಮ್ಮ ಕಡೆ ಹೊಳೆಗಳು ಗಟ್ಟದಿಂದ ಇಳಿದು ಸೀದಾ ಸಮುದ್ರಕ್ಕೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮುರಕಲ್ಲಿನ ಗುಡ್ಡ. ಅದನ್ನು ಅಗೆದು ಕಾಲುವೆ ಮಾಡ್ಬೇಕಾದ್ರೆ ಮನೆ, ತೋಟ, ಬಾವಿಯ ಸಿಹಿ ನೀರು ಎಲ್ಲ ಹೋಗ್ತದೆ ಅಂತ ಕಣ್ಣೂರು ಕಡೆ ಜನ ಎದ್ದು ನಿಂತದ್ದು ಅದಕ್ಕೇ. ತಿರುವನಂತಪುರದಿಂದ ಬೇಕಲಕ್ಕೆ ಬೋಟಲ್ಲಿ ಯಾರು ಬರ್ತಾರೆ ಹೇಳಿ, ನಾನೇ ಬರುವುದಿಲ್ಲ, ಬೋಟಿನ ಹುಚ್ಚು ಇಷ್ಟಿದ್ದೂ! ವಲಿಯಪರಂಬದ ಹಾಗೆ ನೀರಿನ ನಡುವೆ ಇರುವ ಊರಿಗೆ ಬೋಟು ಹೆಚ್ಚು ಮಾಡಿದ್ರೆ ಅದಕ್ಕೊಂದು ಅರ್ಥ ಉಂಟು. ಉದ್ದದ ರಿಬ್ಬನ್ ಕತ್ತರಿಸುವ ಯೋಜನೆಗೆ ಸಿಗುವ ದುಡ್ಡು ಗಿಡ್ಡ ರೂಟಿಗೆ ಸಿಗುವುದಿಲ್ಲ ಅಷ್ಟೇ ಬೇಜಾರು.

ಕರ್ನಾಟಕಕ್ಕೆ ಬೋಟು ಹೊಸತೂ ಅಲ್ಲ. ಶರಾವತಿ ಹಿನ್ನೀರಲ್ಲಿ ಸಿಗಂದೂರು ಲಾಂಚು ಎಷ್ಟು ವರ್ಷ ಓಡಿತು, ತುಮರಿ ಕಡೆಯವರಿಗೆ ಅದೇ ಬಸ್ಸು, ಅದೇ ಆಂಬುಲೆನ್ಸು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಆಯ್ತು, ಆಗಬೇಕಾದ್ದೇ, ಅಣೆಕಟ್ಟಿಗೆ ಊರು ಬಿಟ್ಟು ಕೊಟ್ಟವರು ದಶಕಗಟ್ಟಲೆ ಕಾದ ಸೇತುವೆ ಅದು, ಅದರ ಬಗ್ಗೆ ಯಾರೂ ಕೊಂಕು ಆಡಬಾರದು. ಆದ್ರೆ ನಮ್ಮಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ, ಸೇತುವೆ ಇಲ್ಲದಲ್ಲಿ ಪಾಪದವರಿಗೆ ಲಾಂಚು, ಸೇತುವೆ ಆದ ಮೇಲೆ ಅದು ಟೂರಿಸ್ಟಿಗೆ. ಆಲಪ್ಪುಳದಲ್ಲಿ ರಸ್ತೆ ಉಂಟು, ಸೇತುವೆ ಉಂಟು, ರೈಲೂ ಉಂಟು, ಆದ್ರೂ ಬೋಟು ಉಂಟು.

ಇನ್ನು ಮಂಗಳೂರು. ಬೆಂಗ್ರೆಯವರು ಬಂದರಿಗೆ ದಿನಾ ಬರುವುದೇ ಬೋಟಲ್ಲಿ. ರಸ್ತೆಯಲ್ಲಿ ಬರ್ಬೇಕಾದ್ರೆ ತಣ್ಣೀರುಬಾವಿ ಕಡೆಯಿಂದ ಊರೆಲ್ಲ ಸುತ್ತಬೇಕು, ಫೆರಿಯಲ್ಲಿ ಸ್ವಲ್ಪ ಹೊತ್ತಲ್ಲಿ ಆಚೆ ದಡ, ಬೈಕನ್ನೂ ಹತ್ತಿಸಿಕೊಂಡು ಬರ್ತಾರೆ. ಧಕ್ಕೆಗೆ ಕೆಲಸಕ್ಕೆ ಬರುವವರು, ಕಾಲೇಜಿಗೆ ಬರುವ ಮಕ್ಕಳು, ಮೀನು ಮಾರುವ ಹೆಂಗಸರು. ಅಲ್ಲಿಯೇ ಉಂಟಲ್ಲ ನಿಮ್ಮ ವಾಟರ್ ಮೆಟ್ರೋದ ಪ್ಯಾಸೆಂಜರು! ಯೋಜನೆಯ ಸುದ್ದಿಯಲ್ಲಿ ಅವರ ಫೆರಿ ಎಂತ ಆಗ್ತದೆ ಅಂತ ನಾನು ಹುಡುಕಿ ಹುಡುಕಿ ಓದಿದೆ, ಕಂಡಿಲ್ಲ. ಹೊಸ ಬೋಟಿನ ಟಿಕೆಟು ಈಗಿನದ್ದಕ್ಕಿಂತ ಮೂರು ಪಾಲು ಆಗಿ ಹಳೆ ಫೆರಿಗೆ ಜೆಟ್ಟಿಯೂ ಸಿಗದೆ ಹೋದ್ರೆ ಆ ಹೆಂಗಸರು ಬುಟ್ಟಿ ಹೊತ್ತುಕೊಂಡು ಎಲ್ಲಿಗೆ ಹೋಗುವುದು? ನಿಮ್ಮ ವರದಿಗಾರರು ಒಂದು ದಿನ ಬೆಳಿಗ್ಗೆ ಆ ಫೆರಿಯಲ್ಲಿ ಹೋಗಿ ಜನರನ್ನು ಮಾತಾಡಿಸಿ ಬರೆದ್ರೆ ಮಂಡಳಿಯವರ ರಿಪೋರ್ಟಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬೀಳ್ತದೆ ಅಂತ ನನ್ನ ಅನಿಸಿಕೆ. ಮತ್ತೆ ಮಂಡಳಿಯವರ ಹತ್ರ ಮೂರು ಪ್ರಶ್ನೆ ಕೇಳಿ: ಬೆಳಿಗ್ಗೆ ಆರಕ್ಕೆ ಬೋಟು ಉಂಟಾ, ಮಿನಿಮಮ್ ಚಾರ್ಜು ಸಿಟಿ ಬಸ್ಸಿಗಿಂತ ಕಮ್ಮಿಯಾ, ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ಎಂತ ಮಾಡ್ತೀರಿ. ಟೂರಿಸ್ಟಿಗೆ ಈ ಮೂರೂ ಬೇಡ, ಅವ ಹತ್ತು ಗಂಟೆಗೆ ಬರ್ತಾನೆ, ಎಷ್ಟು ಹೇಳಿದ್ರೂ ಕೊಡ್ತಾನೆ, ಮಳೆಗಾಲದಲ್ಲಿ ಬರುವುದೇ ಇಲ್ಲ.

ಓದುಗರಲ್ಲಿ ಯಾರಿಗಾದ್ರೂ ಈ ಬೋಟಲ್ಲಿ ಹೋಗುವ ಮನಸ್ಸಾದ್ರೆ, ಮಂಗಳೂರು ಕಡೆಯವರು ಮಾವೇಲಿಯಲ್ಲಿ ಆಲಪ್ಪುಳದವರೆಗೆ ಹೋಗಿ, ಬೋಟಲ್ಲಿ ಕೊಟ್ಟಾಯಂ ಮುಟ್ಟಿ, ಬರುವಾಗ ಮಲಬಾರೋ ಪರಶುರಾಮೋ ಹಿಡೀಬಹುದು, ಬೆಂಗಳೂರಿನವರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಟ್ಟಾಯಂನಲ್ಲಿ ಸಿಗ್ತದೆ. ಆಲಪ್ಪುಳದ ಜೆಟ್ಟಿ ಕೇರಳ ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡಿನ ಹತ್ರವೇ, ಅಲ್ಲಿಗೆ ಹೋಗುವ ದಾರಿಯಲ್ಲಿ ಹೌಸ್‌ಬೋಟಿನ ಏಜೆಂಟರು "ಸರ್ಕಾರಿ ಬೋಟು ಇವತ್ತಿಲ್ಲ ಸಾರ್" ಅಂತ ಹೇಳ್ತಾರೆ, ಅದನ್ನು ಕೇಳ್ಬೇಡಿ, ಒಳಗೆ ಸ್ಟೇಷನ್ ಮಾಸ್ಟರ್ ಕೂತಿರ್ತಾರೆ, ಅವರನ್ನೇ ಕೇಳಿ. ಬೋಟು ಕೋಡಿಮತದವರೆಗೆ ಹೋಗ್ತದಾ ಇಲ್ಲ ಕಾಂಞಿರಂನಲ್ಲಿ ನಿಲ್ತದಾ ಅಂತಲೂ ಕೇಳಿ. ಚಿಲ್ಲರೆ ಇಟ್ಕೊಳ್ಳಿ, ಐನೂರರ ನೋಟು ಕೊಟ್ರೆ ಬೋಟ್ ಮಾಸ್ಟರ ಮುಖ ನೋಡ್ಲಿಕ್ಕಾಗುವುದಿಲ್ಲ. ಬೋಟಿನಲ್ಲಿ ತಿನ್ಲಿಕ್ಕೆ ಏನೂ ಸಿಗುವುದಿಲ್ಲ, ಜೆಟ್ಟಿಯ ಎದುರಿನ ಅಂಗಡಿಯಲ್ಲಿ ಪಳಂಪೊರಿ (ಬಾಳೆಹಣ್ಣಿನ ಪೋಡಿ) ಕಟ್ಟಿಸಿಕೊಂಡು ಹತ್ತಿ.

ಇತಿ,
ಕಾಸರಗೋಡಿನ ಒಬ್ಬ ಓದುಗ